ಮಹಾರಾಷ್ಟ್ರದ ಗ್ರಾಮನಾಮಗಳಲ್ಲಿ ಕನ್ನಡದ ಕುರುಹು: ಕೆಲವು ವಿಚಾರಗಳು

೧

ಒಂದು ನಾಡಿನ ಇತಿಹಾಸವನ್ನು ಬರೆಯಲು ಶಾಸನ, ನಾಣ್ಯ, ಗ್ರಂಥಗಳು ಹೇಗೆ ಆಧಾರಗಳೋ ಹಾಗೆಯೇ ಆ ನಾಡಿನ ಊರುಗಳ ಹೆಸರುಗಳೂ ಆಧಾರಗಳು. ಅರಸುಮನೆತನಗಳು ಅಳಿಯುತ್ತವೆ, ಗುಡಿಗೋಪುರಗಳು ಬೀಳುತ್ತವೆ. ಊರಿನ ಹೆಸರು ಮಾತ್ರ ಜನರ ನಾಲಗೆಯ ಮೇಲೆ ಸವೆಯುತ್ತ, ರೂಪಾಂತರ ಹೊಂದುತ್ತ ಉಳಿದು ಬರುತ್ತದೆ. ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ವಿಷಯದಲ್ಲಿ ಆಸಕ್ತಿಯಿರುವುದು ಸಹಜ. ಕಿವಿಗೆ ಕನ್ನಡವೆನಿಸಿದ ಹೆಸರುಗಳನ್ನೆಲ್ಲ ನಮ್ಮ ಲೆಕ್ಕಕ್ಕೆ ಜಮೆ ಮಾಡಿಕೊಳ್ಳುವ ಉತ್ಸಾಹ ಒಂದು ಕಡೆಗಿದ್ದರೆ, ಈ ಮಾತನ್ನು ಎತ್ತಿದೊಡನೆಯೇ ಅದನ್ನು ಗಡಿಯ ವಾದವೆಂದು ಶಂಕಿಸುವ ಮನೋವೃತ್ತಿ ಇನ್ನೊಂದು ಕಡೆಗಿದೆ. ಇವೆರಡನ್ನೂ ದೂರವಿಟ್ಟು, ಸಾಕ್ಷ್ಯವು ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಹೇಳಲಾರದು ಎಂಬುದನ್ನು ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ದಾರಿಯಲ್ಲಿ ನಮಗಿಂತ ಮುಂದೆ ನಡೆದವರಿದ್ದಾರೆ. 'ಕಣ್ಮರೆಯಾದ ಕನ್ನಡ'ವನ್ನು ಬರೆದ ಶಂ. ಬಾ. ಜೋಶಿಯವರು ಸ್ಥಳನಾಮಗಳ ಬಲದಿಂದ ಪ್ರಾಚೀನ ಕನ್ನಡದ ವ್ಯಾಪ್ತಿಯನ್ನು ಶೋಧಿಸಿದರು. ಮರಾಠಿಯಲ್ಲಿ ಇತಿಹಾಸಾಚಾರ್ಯ ವಿ. ಕಾ. ರಾಜವಾಡೆಯವರು ಗ್ರಾಮನಾಮಗಳ ವ್ಯುತ್ಪತ್ತಿಗೆ ಅಪಾರ ಶ್ರಮ ವಹಿಸಿದರು. ಪುಣೆಯ ಡೆಕ್ಕನ್ ಕಾಲೇಜಿನ ಹ. ಧೀ. ಸಾಂಕಳಿಯಾ ಅವರು ಶಾಸನೋಕ್ತ ನಾಮಗಳನ್ನು ಹಿಡಿದು ಗುಜರಾತದ ಸಾಂಸ್ಕೃತಿಕ ಭೂಗೋಲವನ್ನು ಬರೆದು ೧೯೪೯ರಲ್ಲಿ ಪ್ರಕಟಿಸಿದರು.

೨

ಮೊದಲು ನಾವಿರುವ ನೆಲವನ್ನೇ ನೋಡೋಣ. ರಾಷ್ಟ್ರಕೂಟರ ಒಂದನೆಯ ಕೃಷ್ಣನು ಶಕ ೬೯೦ರಲ್ಲಿ, ಅಂದರೆ ಕ್ರಿ.ಶ. ೭೬೮ರಲ್ಲಿ ಕೊಟ್ಟ ತಳೇಗಾಂವ ತಾಮ್ರಪಟದಲ್ಲಿ 'ಪೂನಕ ವಿಷಯ'ದ ಉಲ್ಲೇಖವಿದೆ. ಆಗ ಅರಸನು ಗಂಗವಾಡಿಯ ದಂಡಯಾತ್ರೆಯಲ್ಲಿದ್ದನು. ದಾನವನ್ನು ಕೊಟ್ಟದ್ದು ಇಂದಿನ ನೆಲಮಂಗಲದ ಸಮೀಪದ ಮಣ್ಣೆಯ ಬೀಡಿನಿಂದ. ಪುಣೆಯ ಹೊಲಗಳ ಎಲ್ಲೆಯನ್ನು ಬೆಂಗಳೂರಿನ ಬಳಿಯ ಬೀಡಾರದಲ್ಲಿ ಕುಳಿತು ಬರೆಯಿಸಿದಂತಾಯಿತು.

ದಾನವಾಗಿ ಕೊಟ್ಟದ್ದು ಕುಮಾರಿಗ್ರಾಮ. ಅದರೊಡನೆ ಭಾಮರೋಪರ, ಅರಲುವ, ಸಿಂದಿಗ್ರಾಮ, ತಡವಳೆ. ಎಲ್ಲೆಯಲ್ಲಿ ಖಾಂಬಗ್ರಾಮ, ಆಳಂದಿಯಗ್ರಾಮ, ಥಿಯೂರಗ್ರಾಮಗಳೂ ಮೂಯಿಲಾ ನದಿಯೂ ಬರುತ್ತವೆ. ವಿದ್ವಾಂಸರು ಇವುಗಳನ್ನು ಕ್ರಮವಾಗಿ ಕೋರೇಗಾಂವ ಮೂಳ, ಭವರಾಪುರ, ಉರುಳಿ, ಶಿಂದವಣೆ, ತರಡೆ, ಖಾಮಗಾಂವ, ಆಳಂದಿ, ಥೇವೂರ ಮತ್ತು ಮುಳಾ ನದಿ ಎಂದು ಗುರುತಿಸಿದ್ದಾರೆ. ಈ ಆಳಂದಿ ಜ್ಞಾನೇಶ್ವರರ ಸಮಾಧಿಯಿರುವ ಆಳಂದಿಯಲ್ಲ. ಪುಣೆಯ ಪೂರ್ವಕ್ಕಿರುವ ಚೋರಾಚಿ ಆಳಂದಿ. ಸೋಲಾಪುರದ ಹಾದಿಯಲ್ಲಿ ಪಯಣಿಸುವ ನಮ್ಮಲ್ಲಿ ಅನೇಕರು ಹನ್ನೆರಡೂವರೆ ಶತಮಾನಗಳ ಹಿಂದಿನ ಈ ತಾಮ್ರಪಟದ ಎಲ್ಲೆಯೊಳಗಿಂದಲೇ ಹಾದುಹೋಗುತ್ತಾರೆ.

ಈ ಪಟ್ಟಿಯಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಒಂದು, ಲಿಪಿಕಾರನು ಜನರ ಬಾಯಲ್ಲಿದ್ದ ಹೆಸರಿಗೆ 'ಗ್ರಾಮ' ಶಬ್ದವನ್ನು ಜೋಡಿಸಿ ಸಂಸ್ಕೃತದ ಉಡುಪು ತೊಡಿಸಿದನು. ಜನರು ಥೇವೂರ, ಆಳಂದಿಗಳ ಮೇಲಿನ ಆ ಉಡುಪನ್ನು ಮುಂದೆ ಕಳಚಿಬಿಟ್ಟರು. ಎರಡು, ಅರಸನು ಕನ್ನಡನಾಡಿನವನಾದ ಮಾತ್ರಕ್ಕೆ ಹೆಸರುಗಳೆಲ್ಲ ಕನ್ನಡವಾಗಲಿಲ್ಲ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡು ಹಬ್ಬಿತ್ತೆಂದು ಕವಿರಾಜಮಾರ್ಗವು ಹೇಳುವುದು ನಿಜ. ಆದರೆ ಆ ಮಾತನ್ನು ಪ್ರತಿಯೊಂದು ಹಳ್ಳಿಯ ಹೆಸರಿಗೂ ಸಾಕ್ಷಿಯಾಗಿ ನಿಲ್ಲಿಸಲಾಗದು.

೩

ಉತ್ಸಾಹಿಗಳು ಎಡವುವುದು ಹೆಚ್ಚಾಗಿ 'ಊರ' ಎಂಬ ಅಂತ್ಯದಲ್ಲಿ. ಸಂಸ್ಕೃತದ 'ಪುರ' ಶಬ್ದದ ಪಕಾರವು ಪ್ರಾಕೃತದಲ್ಲಿ ಎರಡು ಸ್ವರಗಳ ನಡುವೆ ಲೋಪಗೊಂಡು 'ಉರ' ಎಂದಾಗುವುದುಂಟು. ಆದ್ದರಿಂದ ಮರಾಠಿ ಪ್ರದೇಶದ 'ಊರ'ವು ಕನ್ನಡದ ಊರೂ ಆಗಿರಬಹುದು, ಸವೆದ ಪುರವೂ ಆಗಿರಬಹುದು. ಹಳೆಯ ಲಿಖಿತರೂಪ ದೊರೆಯದೆ ನಿರ್ಣಯಿಸುವುದು ಸಾಹಸವೇ ಸರಿ. ಥೇವೂರನ್ನು ಸ್ಥಾವರ, ಸ್ಥಿರ ಎಂಬ ಪದಗಳಿಂದ ಬಿಡಿಸುವ ಸ್ಥಳಪುರಾಣವಿದೆ; ಅದನ್ನು ನಂಬಬೇಕಾಗಿಲ್ಲವೆಂಬುದು ಎಷ್ಟು ನಿಜವೋ, ಅದರ ಬದಲಿಗೆ ಕೂಡಲೇ ಕನ್ನಡದ ಊರನ್ನು ತಂದಿಡಲಾಗದೆಂಬುದೂ ಅಷ್ಟೇ ನಿಜ.

ಲಾತೂರಿನ ಸಂಗತಿ ಬೇರೆ. ಅಮೋಘವರ್ಷ ನೃಪತುಂಗನ ಕ್ರಿ.ಶ. ೮೬೬ರ ಶಾಸನದಲ್ಲಿ ಲತ್ತಲೂರೆಂಬ ಶ್ರೇಷ್ಠಪುರದ ಒಡೆಯನೆಂಬರ್ಥದ ಬಿರುದು ಬರುತ್ತದೆ. ಇಲ್ಲಿ 'ಪುರ' ಶಬ್ದವು ಬೇರೆಯಾಗಿಯೇ ಇರುವುದರಿಂದ 'ಊರ್' ಹೆಸರಿನ ಸ್ವಂತ ಅಂಗವೆಂದು ತಿಳಿಯಲು ಅವಕಾಶವಿದೆ. ಹತ್ತರಸಂಗ ಕೂಡಲದ ಹೆಸರು ಇನ್ನೂ ಸ್ಪಷ್ಟ. ಭೀಮಾ–ಸೀನಾ ನದಿಗಳು ಕೂಡುವ ಆ ಸ್ಥಳಕ್ಕೆ 'ಕೂಡಲ' ಎಂಬುದಕ್ಕಿಂತ ಉಚಿತವಾದ ಕನ್ನಡ ಶಬ್ದವಿಲ್ಲ. ಆದರೆ ಮರಾಠಿಯ ಅತ್ಯಂತ ಪ್ರಾಚೀನ ಶಾಸನಗಳಲ್ಲಿ ಒಂದಾದ ಶಕ ೯೪೦ರ (ಕ್ರಿ.ಶ. ೧೦೧೮) ಬರಹ ದೊರೆತದ್ದೂ ಅಲ್ಲಿಯೇ. ಇತ್ತ ಶ್ರವಣಬೆಳಗೊಳದ ಗೊಮ್ಮಟನ ಪಾದದೆಡೆಯಲ್ಲಿಯೂ ಮರಾಠಿಯ ಪಂಕ್ತಿಗಳಿವೆ. ಎರಡು ಭಾಷೆಗಳು ಒಂದೇ ಅಂಗಳದಲ್ಲಿ ಬೆಳೆದುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಸಿದ್ಧರಾಮನ ಸೊನ್ನಲಿಗೆಯೇ ಇಂದಿನ ಸೋಲಾಪುರ. ಸೊನಲಿಪುರ, ಸಂದಲಪುರ ಎಂಬ ನಡುವಣ ರೂಪಗಳೂ ಬಳಕೆಯಲ್ಲಿದ್ದವು. ಹಳೆಯ ಹೆಸರು ಮರೆತುಹೋದ ಮೇಲೆ, ಮರಾಠಿಯ 'ಸೋಳಾ' ಶಬ್ದವನ್ನು ಹಿಡಿದು ಹದಿನಾರು ಹಳ್ಳಿಗಳು ಕೂಡಿ ಆದ ಊರೆಂಬ ಕಥೆ ಹುಟ್ಟಿತು. ಅರ್ಥ ಮರೆತ ಹೆಸರಿಗೆ ಜನರು ಹೊಸ ಅರ್ಥವನ್ನು ಹೊಲಿಯುವ ಬಗೆ ಇದು. ಪಂಢರಪುರದಲ್ಲಿ ಇದೇ ಕ್ರಿಯೆ ದೇವರ ಹೆಸರನ್ನೂ ಮುಟ್ಟಿದೆ. ಹೊಯ್ಸಳ ಸೋಮೇಶ್ವರನ ಕ್ರಿ.ಶ. ೧೨೩೭ರ ಶಾಸನದಲ್ಲಿ ಅದು 'ಪಂಡರಗೆ'. ಈ ದೇಶ್ಯನಾಮವೇ ಸಂಸ್ಕೃತೀಕರಣ ಹೊಂದಿ 'ಪಾಂಡುರಂಗ'ವಾಯಿತೆಂದು ರಾ. ಗೋ. ಭಾಂಡಾರಕರರಂಥ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ.

ಹೆಸರುಗಳ ಕಾಲವನ್ನು ತಿಳಿಯಲು ಕನ್ನಡದ ಧ್ವನಿವ್ಯತ್ಯಾಸವೇ ಒಂದು ಅಳತೆಗೋಲಾಗುತ್ತದೆ. ಹಳಗನ್ನಡದ ಪಕಾರವು ಸುಮಾರು ಹತ್ತನೆಯ ಶತಮಾನದಿಂದ ಮುಂದೆ ಹಕಾರವಾಗತೊಡಗಿತು, ಪಳ್ಳಿ ಹಳ್ಳಿಯಾಯಿತು. ಬೆಂಗಳೂರಿನ ಹೆಬ್ಬಾಳವು ಎಂಟನೆಯ ಶತಮಾನದ ಶಾಸನದಲ್ಲಿ 'ಪೆರ್ಬೊಳಲ್' ಆಗಿತ್ತು. ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜ ತಾಲೂಕಿನಲ್ಲಿಯೂ ಹೆಬ್ಬಾಳಗಳಿವೆ. ಅಲ್ಲಿಯ ಜನರು ಆ ವ್ಯತ್ಯಾಸಕ್ಕೆ ಮುನ್ನವೇ ಕನ್ನಡವನ್ನು ಬಿಟ್ಟಿದ್ದರೆ ಹೆಸರಿನಲ್ಲಿ ಪಕಾರವೇ ನಿಲ್ಲುತ್ತಿತ್ತು. ಹಕಾರ ಬಂದಿರುವುದರಿಂದ, ವ್ಯತ್ಯಾಸ ನಡೆದ ಕಾಲದಲ್ಲಿ ಆ ಹೆಸರು ಕನ್ನಡಿಗರ ನಾಲಗೆಯ ಮೇಲೆಯೇ ಇತ್ತೆಂದು, ಅಥವಾ ಆಮೇಲೆ ಕನ್ನಡಿಗರೇ ಇಟ್ಟರೆಂದು ಹೇಳಬಹುದು. ಕಿವಿಯ ಸಾಕ್ಷ್ಯಕ್ಕಿಂತ ಈ ಬಗೆಯ ಸಾಕ್ಷ್ಯ ಹೆಚ್ಚು ನೆಚ್ಚತಕ್ಕದ್ದು.

೪

ಸುಲ್ತಾನರ ಮತ್ತು ಮರಾಠರ ಆಡಳಿತಗಳು ಹೆಸರಿನ ಬುಡವನ್ನು ಮುಟ್ಟದೆ ತುದಿಗೆ ಗುರುತು ಹಚ್ಚಿದವು. ಒಂದೇ ಹೆಸರಿನ ಎರಡು ಹಳ್ಳಿಗಳಲ್ಲಿ ದೊಡ್ಡದು 'ಬುದ್ರುಕ', ಚಿಕ್ಕದು 'ಖುರ್ದ'. ಪಾರಸಿಯ ಬುಜುರ್ಗ, ಖುರ್ದ ಶಬ್ದಗಳೇ ಇವು. ಕನ್ನಡದ ಹಿರೇ, ಚಿಕ್ಕ ಎಂಬ ವಿಶೇಷಣಗಳು ಮಾಡುವ ಕೆಲಸವನ್ನೇ ಇವು ಮಾಡುತ್ತವೆ. ಬ್ಯಾಂಕಿನ ಕೆಲಸದಲ್ಲಿ ಸಾಲದ ಕಾಗದಗಳನ್ನು ಪರಿಶೀಲಿಸುವಾಗ ನನಗೆ ಇವುಗಳ ಮಹತ್ವ ದಿನವೂ ಕಾಣಬರುತ್ತದೆ. ಸಾತ್‌ಬಾರಾ ಉತಾರೆಯಲ್ಲಿ ವಡಗಾಂವ ಬುದ್ರುಕವೆಂದಿದ್ದು ಅಡವು ಪತ್ರದಲ್ಲಿ ವಡಗಾಂವ ಖುರ್ದವೆಂದಾದರೆ ಹೊಲವೇ ಬೇರೆಯಾಗುತ್ತದೆ. ದಫ್ತರಕ್ಕೆ ಹೆಸರು ಒಂದು ಗುರುತುಚೀಟಿ ಮಾತ್ರ. ಇತಿಹಾಸಕಾರನಿಗೆ ಅದು ಹಳೆಯ ಖಾತೆ.

ಪಟ್ಟಣದ ಹೆಸರುಗಳು ಹಳ್ಳಿಯವುಗಳಿಗಿಂತ ಬೇಗ ಬದಲಾಗುತ್ತವೆ. ಪುಣೆಯ ಮಂಗಳವಾರ ಪೇಠೆ ಹಿಂದೆ ಅಷ್ಟಾಪುರ, ಸೋಮವಾರ ಪೇಠೆ ಶಾಹಾಪುರ, ಶನಿವಾರ ಪೇಠೆ ಮುರ್ತಜಾಬಾದವಾಗಿದ್ದವು. ವಾರದ ಹೆಸರುಗಳು ಬಂದ ಮೇಲೆ ಅವು ಕಾಗದಗಳಲ್ಲಿ ಮಾತ್ರ ಉಳಿದವು.

೫

ಆಧುನಿಕ ಸರಕಾರಗಳ ಕೈಯಲ್ಲಿ ಹೆಸರಿನ ಬದಲಾವಣೆ ಬೇರೊಂದು ಸ್ವರೂಪವನ್ನು ತಾಳಿದೆ. ಪೋಲೆಂಡ್ ದೇಶದ ಅನುಭವ ಇಲ್ಲಿ ವಿಚಾರಾರ್ಹ. ಅಲ್ಲಿಯ ಪ್ರಾಚೀನ ಗ್ರಾಮನಾಮಗಳಲ್ಲಿ ಕೆಲವು ಅರಸನಿಗೆ ಸಲ್ಲಿಸಬೇಕಾಗಿದ್ದ ಸೇವೆಯಿಂದ ಬಂದವು: ಪ್ಯೆಕಾರಿ ಎಂದರೆ ರೊಟ್ಟಿ ಸುಡುವವರ ಹಳ್ಳಿ, ಶ್ಚಿತ್ನಿಕಿ ಎಂದರೆ ಗುರಾಣಿ ಮಾಡುವವರ ಹಳ್ಳಿ. ನಮ್ಮ ಕುಂಬಾರಹಳ್ಳಿಗಳು ಅವುಗಳ ಬಂಧುಗಳೆನ್ನಬಹುದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಪೋಲಿಷ್ ಊರುಗಳಿಗೆ ಜರ್ಮನ್ ಹೆಸರುಗಳನ್ನು ಹೇರಿದರು. ಯುದ್ಧಾನಂತರ ಜರ್ಮನಿಯಿಂದ ಬಂದ ಪ್ರದೇಶದ ಸಹಸ್ರಾರು ಹೆಸರುಗಳನ್ನು ೧೯೪೬ರಲ್ಲಿ ನೇಮಕವಾದ ಪೋಲಿಷ್ ಆಯೋಗವು ಬದಲಾಯಿಸಿತು. ಕೆಲವೆಡೆ ಹಳೆಯ ಸ್ಲಾವ್ ರೂಪ ಮರಳಿತು. ಕೆಲವೆಡೆ ಹಿಂದೆಂದೂ ಇರದಿದ್ದ ಹೆಸರೇ ಹುಟ್ಟಿತು. ಕೊನೆಗೆ ೨೦೦೫ರ ಕಾಯಿದೆಯು, ಅಲ್ಪಸಂಖ್ಯಾತರು ಗಣನೀಯವಾಗಿರುವ ಪ್ರದೇಶಗಳಲ್ಲಿ ಅವರ ಭಾಷೆಯ ಹೆಸರನ್ನೂ ಫಲಕದ ಮೇಲೆ ಬರೆಯಲು ಅವಕಾಶವಿತ್ತಿತು.

ನಮ್ಮಲ್ಲಿಯೂ ಮರಳಿ ಪಡೆಯುವುದಕ್ಕೂ ಹೊಸತಾಗಿ ಹೇರುವುದಕ್ಕೂ ಇರುವ ಅಂತರವನ್ನು ಗಮನಿಸಬೇಕು. ೨೦೧೪ರ ನವೆಂಬರ್ ೧ರಂದು ಬೆಳಗಾವಿ, ಕಲಬುರಗಿ ಮೊದಲಾದ ಹನ್ನೆರಡು ಪಟ್ಟಣಗಳು ಬದಲಾದ ಹೆಸರುಗಳಿಂದ ಅಧಿಕೃತವಾದವು. ಬಹುಮಟ್ಟಿಗೆ ಇವು ಜನರ ಬಾಯಲ್ಲಿದ್ದ ರೂಪಗಳೇ. ೨೦೨೩ರಲ್ಲಿ ಉಸ್ಮಾನಾಬಾದವು ಧಾರಾಶಿವವಾದುದೂ ಹಳೆಯ ಹೆಸರಿನ ಪುನರಾಗಮನ. ಆದರೆ ೨೦೨೧ರಲ್ಲಿ ಕಾಸರಗೋಡಿನ ಕನ್ನಡ ಗ್ರಾಮನಾಮಗಳು ಮಲಯಾಳ ರೂಪಕ್ಕೆ ತಿರುಗಲಿವೆಯೆಂಬ ಸುದ್ದಿ ಹಬ್ಬಿದಾಗ ಕನ್ನಡಿಗರು ಕಳವಳಗೊಂಡರು; ಅಂಥ ಉದ್ದೇಶವಿಲ್ಲವೆಂದು ಕೇರಳ ಸರಕಾರವು ಹೇಳಬೇಕಾಯಿತು. ಆ ಕಳವಳ ನ್ಯಾಯವಾದುದೆಂದು ನಾವು ಒಪ್ಪುವುದಾದರೆ, ಕರ್ನಾಟಕದೊಳಗಿನ ಮರಾಠಿ, ತುಳು, ಉರ್ದು ಹೆಸರುಗಳ ವಿಷಯದಲ್ಲಿಯೂ ಅದೇ ನ್ಯಾಯವನ್ನು ಪಾಲಿಸತಕ್ಕದ್ದು. ಗ್ರಾಮನಾಮವು ಸ್ವಾಮಿತ್ವದ ದಸ್ತಾವೇಜಲ್ಲ. ಹಿಂದೆ ಯಾರು ಇಲ್ಲಿ ವಾಸವಾಗಿದ್ದರು, ಯಾವ ಮಾತನ್ನಾಡುತ್ತಿದ್ದರು ಎಂಬುದನ್ನು ಅದು ತಿಳಿಸೀತು. ಇಂದು ಆ ನೆಲ ಯಾರದೆಂಬುದನ್ನು ತಿಳಿಸದು.

ಈಗ ನಮ್ಮಿಂದಾಗಬೇಕಾದ ಕೆಲಸವೊಂದಿದೆ. ಊರಿನ ಹೆಸರಾದರೂ ನಕಾಶೆಯಲ್ಲಿ ಉಳಿಯುತ್ತದೆ. ಹೊಲ, ಹಳ್ಳ, ದಿನ್ನೆ, ಕೆರೆ, ಬಾವಿಗಳ ಹೆಸರುಗಳಿಗೆ ಆ ಆಸರೆಯೂ ಇಲ್ಲ. ೧೮೩೦ರ ದಶಕದಲ್ಲಿ ನಮ್ಮದೇ ಜಿಲ್ಲೆಯ ಇಂದಾಪುರದಲ್ಲಿ ಆರಂಭವಾದ ಮುಂಬಯಿ ಸರಕಾರದ ಮೋಜಣಿಯು ಹೊಲಗಳಿಗೆ ನಂಬರುಗಳನ್ನು ಕೊಟ್ಟಂದಿನಿಂದ ಅವುಗಳ ಹೆಸರುಗಳು ದಫ್ತರದಿಂದ ಹೊರಬಿದ್ದವು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಗಡಹಿಂಗ್ಲಜಗಳ ಮೂಲದವರು ಪುಣೆಯ ಕನ್ನಡಿಗರಲ್ಲಿ ಇದ್ದಾರೆ. ಅವರು ಊರಿಗೆ ಹೋದಾಗ ಹಿರಿಯರನ್ನು ಕೇಳಿ, ಆಡುವ ರೂಪವನ್ನು ಆಡಿದಂತೆಯೇ, ಕನ್ನಡವಿದ್ದರೆ ಕನ್ನಡ, ಮರಾಠಿಯಿದ್ದರೆ ಮರಾಠಿ, ಸರ್ವೇ ನಂಬರಿನೊಡನೆ ಬರೆದು ತಂದರೆ ಸಾಕು. ವ್ಯುತ್ಪತ್ತಿಯನ್ನು ಆಮೇಲೆ ನಿಧಾನವಾಗಿ ವಿಚಾರಿಸಬಹುದು. ಆ ಹೆಸರುಗಳನ್ನು ಬಲ್ಲವರು ಮಾತ್ರ ನಮ್ಮ ವಿಚಾರ ಮುಗಿಯುವವರೆಗೆ ಕಾಯಲಾರರು.