ಕಂಪ್ಯೂಟರ್ ಪದೇ ಪದೇ ತಾನೇ ಬಂದ್ ಆಗ್ತಿದೆಯಾ? ಫಾರ್ಮ್ಯಾಟ್ ಮಾಡಿಸುವ ಮೊದಲು ಇದನ್ನು ನೋಡ್ರಿ

ಜಮಖಂಡಿ/ಮುಧೋಳ/ಬೀಳಗಿ/ರಬಕವಿ-ಬನಹಟ್ಟಿ: ಗಿರಾಕಿ ಎದುರಿಗೇ ನಿಂತಿದ್ದಾರೆ, ಬಿಲ್ ಅರ್ಧ ಆಗಿದೆ, ಅಷ್ಟರಲ್ಲಿ ಟಪ್ ಅಂತ ಸ್ಕ್ರೀನ್ ಕಪ್ಪು. ಬಟನ್ ಒತ್ತಿದರೆ ಮತ್ತೆ ಚಾಲೂ ಆಗುತ್ತೆ, ಹತ್ತು ನಿಮಿಷಕ್ಕೆ ಮತ್ತೆ ಬಂದ್. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಮಾಡಿಸುವ ಕೆಲಸ ಫಾರ್ಮ್ಯಾಟ್. ಅದು ಕೊನೆಗೆ ಮಾಡಬೇಕಾದ ಕೆಲಸ. ಕರೆಂಟ್ ಹೋದ ಹಾಗೆ ಒಮ್ಮೆಲೇ ಆರಿಹೋಗುತ್ತಿದ್ದರೆ ಕಾರಣ ಬಹುತೇಕ ವಿದ್ಯುತ್, ಇಲ್ಲವೇ ಬಿಸಿ. ಫಾರ್ಮ್ಯಾಟ್ ಮಾಡಿಸಿದರೆ ವರ್ಷದ ಲೆಕ್ಕ ಹೋಗುತ್ತೆ, ರೋಗ ಹಾಗೇ ಉಳಿಯುತ್ತೆ.

ಆದ್ದರಿಂದ ಮೊದಲು ಎರಡು ದಿನ ಒಂದು ಚೀಟಿಯಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಬಂದ್ ಆಯಿತು, ಚಾಲೂ ಮಾಡಿ ಎಷ್ಟು ನಿಮಿಷಕ್ಕೆ ಆಯಿತು, ಆಗ ಏನು ಕೆಲಸ ನಡೆದಿತ್ತು, ಅಂಗಡಿಯ ಲೈಟು ಮಿಣುಕಿತಾ. ರಿಪೇರಿಯವರಿಗೂ ಈ ಚೀಟಿಯೇ ದೊಡ್ಡ ಸಹಾಯ.

ಲೈಟು ಮಿಣುಕಿದಾಗ ಬಂದ್ ಆದರೆ

ಇದು ಯುಪಿಎಸ್‌ನ ಬ್ಯಾಟರಿ ಸತ್ತಿರುವ ಲಕ್ಷಣ. ಮನೆ, ಅಂಗಡಿಯ ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಇರುತ್ತೆ. ಎರಡು-ಮೂರು ವರ್ಷ ಬಾಳಿದರೆ ಅದೇ ಹೆಚ್ಚು. ನಮ್ಮ ಕಡೆಯ ಬೇಸಿಗೆಗೆ ಇನ್ನೂ ಬೇಗ ಸೋಲುತ್ತೆ. ಹಸಿರು ದೀಪ ಉರಿಯುತ್ತಿದೆ, ಅಂದಮೇಲೆ ಯುಪಿಎಸ್ ಚೆನ್ನಾಗಿದೆ ಎಂದು ತಿಳಿಯಬೇಡಿ. ಎಲ್ಲ ಫೈಲ್ ಸೇವ್ ಮಾಡಿ, ಕಂಪ್ಯೂಟರ್ ಚಾಲೂ ಇರುವಾಗಲೇ ಗೋಡೆಯ ಸ್ವಿಚ್ ಆಫ್ ಮಾಡಿ ನೋಡಿ. ಐದು ನಿಮಿಷವೂ ತಡೆಯದಿದ್ದರೆ ಬ್ಯಾಟರಿ ಬದಲಿಸಿ, ಪೂರ್ತಿ ಯುಪಿಎಸ್ ಎಸೆಯುವ ಅಗತ್ಯ ಬಹಳ ಸಲ ಇರುವುದಿಲ್ಲ.

ಝೆರಾಕ್ಸ್, ಆನ್‌ಲೈನ್ ಅರ್ಜಿ ಸೆಂಟರ್‌ನವರು ಮಾಡುವ ಒಂದು ತಪ್ಪಿದೆ: ಲೇಸರ್ ಪ್ರಿಂಟರನ್ನೂ ಅದೇ ಯುಪಿಎಸ್‌ಗೆ ಸಿಕ್ಕಿಸುವುದು. 600 ವಿಎ ಎಂದು ಬರೆದ ಯುಪಿಎಸ್ ಸಾಮಾನ್ಯವಾಗಿ ತಡೆಯುವುದು 360 ವ್ಯಾಟ್ ಮಾತ್ರ. ಲೇಸರ್ ಪ್ರಿಂಟರ್ ಕಾಗದ ಕಾಯಿಸುವ ಕ್ಷಣದಲ್ಲಿ ಅದಕ್ಕಿಂತ ಹೆಚ್ಚು ಎಳೆಯುತ್ತೆ. ಪ್ರಿಂಟ್ ಕೊಟ್ಟಾಗಲೇ ಕಂಪ್ಯೂಟರ್ ಬೀಳುತ್ತಿದ್ದರೆ ಪ್ರಿಂಟರ್ ವೈರನ್ನು ಗೋಡೆಯ ಸಾಕೆಟ್‌ಗೆ ಹಾಕಿ, ಖರ್ಚಿಲ್ಲದೆ ಮುಗಿದೀತು.

ತೋಟದ ಮನೆಗಳದ್ದು ಬೇರೆ ಕಥೆ. ತ್ರೀಫೇಸ್ ಬಂದ ತಕ್ಷಣ ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತೆ. ಇರಬೇಕಾದದ್ದು 230, ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ನೋಡಿದರೆ 170-180 ತೋರಿಸಬಹುದು. ಅಗ್ಗದ ಎಸ್‌ಎಂಪಿಎಸ್‌ಗೆ ಅಷ್ಟರಲ್ಲಿ ಓಡಲು ಆಗುವುದಿಲ್ಲ, ಯುಪಿಎಸ್ ಕೂಡ ಕರೆಂಟ್ ಹೋಯಿತೆಂದು ತಿಳಿದು ಬ್ಯಾಟರಿಗೆ ಹಾರುತ್ತಲೇ ಇರುತ್ತೆ. ಅಂಥಲ್ಲಿ ಸ್ಟೆಬಿಲೈಸರ್ ಬೇಕು. ಇಡೀ ಓಣಿಯಲ್ಲಿ ದೀಪ ಮಂಕಾಗುತ್ತಿದ್ದರೆ ಹೆಸ್ಕಾಂ ಸಹಾಯವಾಣಿ 1912ಕ್ಕೆ ದೂರು ಕೊಡಿ. ಒಂದು ಕೋಣೆಯ ದೀಪ ಜೋರಾಗಿ, ಇನ್ನೊಂದರದ್ದು ಮಂದವಾಗಿ ಉರಿಯುತ್ತಿದ್ದರೆ ಮಾತ್ರ ತಡ ಮಾಡಬೇಡಿ. ಅದು ನ್ಯೂಟ್ರಲ್ ಸಡಿಲವಾದ ಗುರುತು. ಟಿವಿ, ಫ್ರಿಜ್, ಕಂಪ್ಯೂಟರ್ ಎಲ್ಲದರ ಪ್ಲಗ್ ಕೂಡಲೇ ತೆಗೆದು ಲೈನ್‌ಮನ್‌ಗೆ ತಿಳಿಸಿ.

ಕ್ಯಾಬಿನೆಟ್ ಮುಟ್ಟಿದರೆ ಚುರ್ ಅನ್ನುತ್ತಾ? ಅರ್ಥಿಂಗ್ ಇಲ್ಲ ಅಂತ ಅರ್ಥ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿಕೊಂಡು ನಡೆಸಬೇಡಿ.

ಹತ್ತಿಪ್ಪತ್ತು ನಿಮಿಷಕ್ಕೆ ಬಂದ್ ಆದರೆ

ಬೆಳಿಗ್ಗೆ ಸರಿ ಇದ್ದು ಮಧ್ಯಾಹ್ನ ಕೈಕೊಡುವುದು, ಏಪ್ರಿಲ್-ಮೇನಲ್ಲಿ ಜಾಸ್ತಿಯಾಗುವುದು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುವುದು, ಇವೆಲ್ಲ ಬಿಸಿಯ ಲಕ್ಷಣ. ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದರೆ ಸುಟ್ಟುಹೋಗದಿರಲಿ ಎಂದು ತಾನೇ ಬಂದ್ ಆಗುತ್ತೆ. ಹೊರಗೇ 40 ಡಿಗ್ರಿ ಇದ್ದಾಗ ಒಳಗಿನ ಫ್ಯಾನಿಗೆ ತಂಪು ಗಾಳಿ ಎಲ್ಲಿಂದ ಸಿಗಬೇಕು?

ಅದರ ಮೇಲೆ ನಮ್ಮ ಧೂಳು. ರಬಕವಿ-ಬನಹಟ್ಟಿಯಲ್ಲಿ ಪವರ್‌ಲೂಮ್ ಇರುವ ಮನೆಯಲ್ಲಿ, ಅಥವಾ ಅದರ ಪಕ್ಕದ ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಒಮ್ಮೆ ಬಿಚ್ಚಿ ನೋಡಿ. ಬರೀ ಮಣ್ಣಿನ ಧೂಳಾಗಿದ್ದರೆ ಊದಿದರೆ ಹಾರೀತು. ನೂಲಿನ ಎಳೆ ಹಾಗಲ್ಲ, ಪ್ರೊಸೆಸರ್ ಮೇಲಿನ ಹೀಟ್‌ಸಿಂಕ್‌ನ ಸಂದಿಗಳಲ್ಲಿ ಕಂಬಳಿಯಂತೆ ಹೆಣೆದುಕೊಳ್ಳುತ್ತೆ. ಫ್ಯಾನ್ ತಿರುಗುತ್ತಿರುತ್ತೆ, ಗಾಳಿ ಮಾತ್ರ ದಾಟುವುದಿಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆ, ಆಲೆಮನೆಗಳ ಆಸುಪಾಸಿನವರಿಗೆ ಕಪ್ಪು ಬೂದಿಯ ಕಾಟ ಬೇರೆ.

ಸ್ವಚ್ಛ ಮಾಡುವಾಗ ಪ್ಲಗ್ ಕಿತ್ತು, ಕ್ಯಾಬಿನೆಟ್ಟನ್ನು ಅಂಗಳಕ್ಕೆ ಒಯ್ಯಿರಿ. ಮೆತ್ತನೆಯ ಬಣ್ಣದ ಬ್ರಷ್ ಮತ್ತು ಸಣ್ಣ ಬ್ಲೋವರ್ ಸಾಕು. ಗಾಳಿ ಬಿಡುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಪಂಚರ್ ಅಂಗಡಿಯ ಕಂಪ್ರೆಸರ್‌ಗೆ ಒಯ್ಯುವವರಿದ್ದಾರೆ, ಬೇಡ. ಅದರ ಗಾಳಿಯಲ್ಲಿ ನೀರಿನ ಹನಿ ಇರುತ್ತೆ. ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚಲೇಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು. ಹೊರಗಿನಿಂದಲೇ ಊದಿ. ಸ್ವಚ್ಛ ಮಾಡಿದರೂ ಬಿಸಿ ಇಳಿಯದಿದ್ದರೆ ಥರ್ಮಲ್ ಪೇಸ್ಟ್ ಒಣಗಿರುತ್ತೆ. ಪೇಸ್ಟಿನ ಬೆಲೆ ಅಲ್ಪ, ಹಚ್ಚಿಸಲು ಹೆಚ್ಚು ಹೊತ್ತೂ ಬೇಡ. ಮಗ್ಗದ ಮನೆಯವರು ಎರಡು ತಿಂಗಳಿಗೊಮ್ಮೆ, ಉಳಿದವರು ಆರು ತಿಂಗಳಿಗೊಮ್ಮೆ ಧೂಳು ತೆಗೆದರೆ ಒಳ್ಳೆಯದು.

ಲ್ಯಾಪ್‌ಟಾಪ್ ಆದರೆ ಹಾಸಿಗೆ, ದಿಂಬಿನ ಮೇಲಿಟ್ಟು ಕೆಲಸ ಮಾಡಬೇಡಿ, ಗಾಳಿಯ ಕಿಂಡಿ ಮುಚ್ಚುತ್ತೆ. ಬ್ಯಾಟರಿ ಉಬ್ಬಿದ್ದು ಕಂಡರೆ ಅದನ್ನು ಚುಚ್ಚುವುದು, ಒತ್ತುವುದು ಮಾಡದೆ ಬಳಕೆ ನಿಲ್ಲಿಸಿ.

ವಿಂಡೋಸ್ ಏನು ಹೇಳುತ್ತೆ

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಈವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಅಲ್ಲಿ ಕರ್ನಲ್-ಪವರ್ 41 ಎಂದಿದ್ದರೆ, ಸರಿಯಾಗಿ ಶಟ್‌ಡೌನ್ ಆಗದೆ ಬಿದ್ದಿದೆ ಎಂದಷ್ಟೇ ಅರ್ಥ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ 0 ಇದ್ದರೆ ಮೇಲೆ ಹೇಳಿದ ವಿದ್ಯುತ್, ಬಿಸಿಯ ಕಡೆ ಮೊದಲು ನೋಡಿ. ಬೇರೆ ಸಂಖ್ಯೆ ಇದ್ದರೆ ನೀಲಿ ಸ್ಕ್ರೀನ್ ದೋಷ. ರ‍್ಯಾಮ್, ಡ್ರೈವರ್, ಹಾರ್ಡ್‌ಡಿಸ್ಕ್ ಪರೀಕ್ಷಿಸಬೇಕು. 1074 ಎಂದಿದ್ದರೆ ಯಾವುದೋ ಪ್ರೋಗ್ರಾಂ, ಅಪ್‌ಡೇಟ್ ಅಥವಾ ಮನೆಯವರೇ ಯಾರೋ ಬಂದ್ ಮಾಡಿದ್ದು.

ಇವೆಲ್ಲ ಸರಿ ಇದ್ದೂ ಬಂದ್ ಆಗುತ್ತಿದ್ದರೆ ಎಸ್‌ಎಂಪಿಎಸ್ ಮೇಲೆ ಅನುಮಾನ ಪಡಬಹುದು. ಹೊಸದು ಕೊಳ್ಳುವ ಮೊದಲು ಅಂಗಡಿಯವರ ಬಳಿ ಇರುವ ಒಳ್ಳೆಯ ಎಸ್‌ಎಂಪಿಎಸ್ ಹಾಕಿಸಿ ಅರ್ಧ ದಿನ ಓಡಿಸಿ ನೋಡಿ. ಮದರ್‌ಬೋರ್ಡಿನ ಕೆಪಾಸಿಟರ್ ತಲೆ ಉಬ್ಬಿದೆಯಾ ಎಂದೂ ಕೇಳಿ.

ಇನ್ನು ಲೆಕ್ಕದ ಮಾತು. ಪ್ರತಿ ತಿಂಗಳು ಜಿಎಸ್‌ಟಿ ತುಂಬುವವರಿಗೆ 11 ಮತ್ತು 20ನೇ ತಾರೀಖು ಯಾರಿಗಾಗಿಯೂ ಕಾಯುವುದಿಲ್ಲ. ಬರೆಯುತ್ತಿರುವಾಗ ಕರೆಂಟ್ ಕಡಿದರೆ ಟ್ಯಾಲಿಯಂಥ ಲೆಕ್ಕದ ಫೈಲ್ ಕೆಡುವ ಸಾಧ್ಯತೆ ಇದ್ದೇ ಇದೆ. ಬಂದ್ ಆಗುವ ಕಾಟ ಶುರುವಾದ ದಿನವೇ ಡೇಟಾವನ್ನು ಪೆನ್‌ಡ್ರೈವ್‌ಗೆ ತೆಗೆದು, ಆ ಪೆನ್‌ಡ್ರೈವ್ ಕಿತ್ತಿಡಿ. ರಿಪೇರಿಗೆ ಕೊಡುವಾಗ "ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡ್ರಿ" ಎಂದು ರಸೀದಿಯ ಮೇಲೆಯೇ ಬರೆಸಿಕೊಳ್ಳಿ, ಬದಲಿಸಿದ ಹಳೆಯ ಭಾಗವನ್ನು ವಾಪಸ್ ಕೇಳಿ ಪಡೆಯಿರಿ.