ಗಾಡಿಪಟ್ಟಿಯ ಕಬ್ಬಿಣ

ನಲ್ಲೂರು ಈಗ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಊರು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಚನ್ನಗಿರಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಆ ಸೀಮೆಯಲ್ಲಿ ನಾನು ಶಿಕ್ಷಕನಾಗಿದ್ದಾಗ ಬಿಡುವಿನ ವೇಳೆ ಕುಲುಮೆಯೊಂದರ ಮುಂದೆ ಕುಳಿತುಕೊಳ್ಳುತ್ತಿದ್ದೆ. ಬೆಂಕಿಗಿಂತ ಹೆಚ್ಚಾಗಿ ನನ್ನ ಕಣ್ಣು ಹೋಗುತ್ತಿದ್ದುದು ಅದರ ಗೋಡೆಯ ಮೇಲೆ. ಇಕ್ಕಳ, ಸುತ್ತಿಗೆ, ಉಳಿ, ಅರಗಳೆಲ್ಲ ತಂತಮ್ಮ ಸ್ಥಾನದಲ್ಲಿ ತೂಗುತ್ತಿದ್ದವು. ಅವುಗಳನ್ನು ಹೊತ್ತಿದ್ದ ಕೊಕ್ಕೆ, ಪಟ್ಟಿ, ಡಬ್ಬಗಳಲ್ಲಿ ಒಂದಾದರೂ ಅಂಗಡಿಯಿಂದ ತಂದದ್ದಲ್ಲ. ಎಲ್ಲವೂ ಹಳೆಯ ಕಬ್ಬಿಣದಿಂದ ಆದವು.

ಇದಕ್ಕೆ ಚಾರಿತ್ರಿಕ ಕಾರಣವುಂಟು. ನಮಗೆ ದೂರವಲ್ಲದ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು, ಸರ್ ಎಂ. ವಿಶ್ವೇಶ್ವರಯ್ಯನವರ ಆಡಳಿತ ಇವು ಅದನ್ನು ನಿಲ್ಲಿಸಿದವು. ಕಾರ್ಖಾನೆ ಸಮೀಪದಲ್ಲಿದ್ದ ಮಾತ್ರಕ್ಕೆ ಹೊಸ ಕಬ್ಬಿಣ ಹಳ್ಳಿಯ ಕಮ್ಮಾರನಿಗೆ ಸುಲಭವಾಗಿ ದೊರೆಯಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಬ್ಬಿಣ ಮತ್ತು ಉಕ್ಕಿನ ಹಂಚಿಕೆಯನ್ನು ಸರಕಾರ ತನ್ನ ಹತೋಟಿಗೆ ತೆಗೆದುಕೊಂಡಿತು. ಸ್ವಾತಂತ್ರ್ಯಾನಂತರವೂ ಹತೋಟಿ ಬೇರೆ ಬೇರೆ ರೂಪಗಳಲ್ಲಿ ಮುಂದುವರಿದು 1992ರಲ್ಲಿ ಕೊನೆಗೊಂಡಿತು. ಪರ್ಮಿಟ್ಟಿನ ಆ ಯುಗದಲ್ಲಿ ಕಮ್ಮಾರನಿಗೆ ಮುರಿದ ಕಬ್ಬಿಣವೇ ಗಣಿ.

ಅವುಗಳಲ್ಲಿ ಶ್ರೇಷ್ಠವಾದದ್ದು ಎತ್ತಿನಗಾಡಿಯ ಚಕ್ರದ ಪಟ್ಟಿ. ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿದಾಗ ಮರದ ಚಕ್ರಕ್ಕೆ ತೊಡಿಸಿ, ನೀರೆರೆದು ಕುಗ್ಗಿಸುತ್ತಿದ್ದರು. ಭೌತಶಾಸ್ತ್ರದ ಈ ಪಾಠವನ್ನು ನಾನು ಮಕ್ಕಳಿಗೆ ಕಲಿಸಿದ್ದು ಕುಲುಮೆಯ ಮುಂದೆಯೇ. ರಬ್ಬರ್ ಟೈರಿನ ಗಾಡಿಗಳು ಬಂದ ಮೇಲೆ ಹಳೆಯ ಪಟ್ಟಿಗಳು ಹಿತ್ತಲಿನಲ್ಲಿ ಬಿದ್ದವು. ನಾಲ್ಕೂವರೆ ಅಡಿ ವ್ಯಾಸದ ಚಕ್ರದ ಪಟ್ಟಿಯನ್ನು ಕತ್ತರಿಸಿ ನೇರ ಮಾಡಿದರೆ ಸುಮಾರು 14 ಅಡಿ ಕಬ್ಬಿಣ ಸಿಗುತ್ತದೆ. ಒಂದೂವರೆ ಅಡಿಯ ತುಂಡುಗಳನ್ನು ಕಾಯಿಸಿ, ಮೊಳಕೈಯಂತೆ ಬಾಗಿಸಿ, ತೂತು ಹಾಕಿದರೆ ಹಲಗೆ ಹೊರುವ 9 ಬ್ರಾಕೆಟ್ಟುಗಳು. ಉಳಿದ ಚೂರಿನಿಂದ ಕೊಕ್ಕೆಗಳು.

ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಈ ಕೆಲಸಕ್ಕೆ ಅವರು ಮುಟ್ಟುತ್ತಿರಲಿಲ್ಲ. “ಮೇಷ್ಟ್ರೇ, ಅದು ಮಚ್ಚಿಗೆ, ಕುಡುಗೋಲಿಗೆ. ಗೋಡೆಗೆ ಹೊಡೆದು ಯಾಕೆ ಹಾಳು ಮಾಡೋದು?” ಎನ್ನುತ್ತಿದ್ದರು ಆಚಾರ್ರು. ಇಂಗಾಲದ ಅಂಶ ಹೆಚ್ಚಿರುವ ಆ ಉಕ್ಕು ಕಾಯಿಸಿ ನೀರಿಗಿಟ್ಟರೆ ಗಡುಸಾಗಿ ಅಲಗು ಹಿಡಿಯುತ್ತದೆ. ಗಾಡಿಪಟ್ಟಿಯ ಮೆತು ಕಬ್ಬಿಣ ಬಾಗುತ್ತದೆಯೇ ಹೊರತು ಅಷ್ಟು ಗಡುಸಾಗದು. ಬೀಡುಕಬ್ಬಿಣವಾದರೆ ಸುತ್ತಿಗೆಯ ಏಟಿಗೆ ಒಡೆಯುತ್ತದೆ. ಅರದಿಂದ ಒಮ್ಮೆ ಉಜ್ಜಿ ಅವರು ಜಾತಿಯನ್ನು ನಿರ್ಣಯಿಸುತ್ತಿದ್ದರು. ಸೀಮೆಎಣ್ಣೆಯ ಚೌಕ ಡಬ್ಬವನ್ನು, ಎಂದರೆ 4 ಗ್ಯಾಲನ್, ಸುಮಾರು 18 ಲೀಟರ್ ಹಿಡಿಯುವುದನ್ನು, ಅಡ್ಡ ಮಲಗಿಸಿ ಮೇಲಿನ ಮೈಯನ್ನು ಕತ್ತರಿಸಿ, ಕೈ ಕೊಯ್ಯದಂತೆ ಅಂಚನ್ನು ಮಡಿಸಿದರೆ ಮೊಳೆಗಳ ಖಾನೆ ಸಿದ್ಧ.

1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮಂಡಿಸಿದ ಮೂಲಶಿಕ್ಷಣದ ಆದರ್ಶ ನಮ್ಮ ತಲೆಮಾರಿನ ಶಿಕ್ಷಕರಲ್ಲಿ ಇನ್ನೂ ಜೀವಂತವಾಗಿತ್ತು. ನಮ್ಮ ಶಾಲೆಯ ಕ್ರಾಫ್ಟ್ ಕೋಣೆಯಲ್ಲಿ ಗರಗಸ, ಉಳಿ, ಗುದ್ದಲಿಗಳು ಮೂಲೆಯಲ್ಲಿ ರಾಶಿಯಾಗಿ ಬಿದ್ದಿದ್ದವು. 1980ರ ದಶಕದಲ್ಲಿ ಒಬ್ಬ ವಿದ್ಯಾರ್ಥಿಯ ತಂದೆ ಹಳೆಯ ಗಾಡಿಪಟ್ಟಿಯೊಂದನ್ನು ಕೊಟ್ಟರು. ಆಚಾರ್ರು ಕಾಯಿಸಿದರು, ಹುಡುಗರು ಸರದಿಯಂತೆ ತಿದಿಯೊತ್ತಿದರು. ಮೂರು ಶನಿವಾರಗಳಲ್ಲಿ ಕೋಣೆಯ ಒಂದು ಗೋಡೆ ಕುಲುಮೆಯ ಗೋಡೆಯಂತಾಯಿತು. ಪ್ರತಿ ಉಪಕರಣದ ಹಿಂದೆ ಅದರ ಆಕಾರವನ್ನು ಸುಣ್ಣದಲ್ಲಿ ಬರೆದೆವು. ಯಾವುದು ಮರಳಿಲ್ಲವೆಂದು ಗೋಡೆಯೇ ಹೇಳುತ್ತಿತ್ತು. ಆಚಾರ್ರು ಕೂಲಿ ಕೇಳಲಿಲ್ಲ, ನಾನೂ ಕೊಡಲಿಲ್ಲ.

ವರ್ಗವಾಗಿ ಹೋದ ನಾನು ಹಲವು ವರ್ಷಗಳ ತರುವಾಯ ಆ ಶಾಲೆಗೆ ಭೇಟಿಯಿತ್ತೆ. ಹೊಸ ಕೋಣೆ ಕಟ್ಟುವಾಗ ಹಳೆಯ ಗೋಡೆಯನ್ನು ಕೆಡವಿದ್ದರು. ಉಪಕರಣಗಳೆಲ್ಲ ಭದ್ರವಾಗಿದ್ದವು, ದಾಸ್ತಾನು ವಹಿಯಲ್ಲಿ ಅವುಗಳ ಹೆಸರಿತ್ತು. ಬ್ರಾಕೆಟ್ಟು, ಕೊಕ್ಕೆಗಳು ಮಾತ್ರ ಗುಜರಿಯವನ ತಕ್ಕಡಿಗೆ ಹೋಗಿದ್ದವು. ಖರೀದಿಯ ಬಿಲ್ಲಿಲ್ಲದ ಕಾರಣ ನಾನು ಅವುಗಳನ್ನು ವಹಿಯಲ್ಲಿ ನಮೂದಿಸಿರಲೇ ಇಲ್ಲ. ಬಳಿಕ ಬಂದವರನ್ನು ದೂರಿ ಫಲವೇನು? ತಪ್ಪು ನನ್ನದು. ಆ ವೇಳೆಗೆ ಆಚಾರ್ರೂ ತೀರಿಕೊಂಡಿದ್ದರು, ಕುಲುಮೆಯ ಬಾಗಿಲು ಮುಚ್ಚಿತ್ತು.

ಗುಜರಿಗೆ ಹೋದ ಕಬ್ಬಿಣ ಕುಲುಮೆಗೋ ಉಕ್ಕಿನ ಮೂಸೆಗೋ ಸೇರಿ ಮತ್ತೇನೋ ಆಗಿರುತ್ತದೆ. ಅದಕ್ಕಾಗಿ ನನಗೆ ಚಿಂತೆಯಿಲ್ಲ. ಆ ಕೈಗಳ ಕೆಲಸಕ್ಕೆ ದಾಖಲೆ ಉಳಿಯಲಿಲ್ಲವೆಂಬುದೇ ಕೊರಗು. ತಡವಾಗಿಯಾದರೂ ಆ ನಮೂದನ್ನು ಇಲ್ಲಿ ಬರೆದಿಡುತ್ತೇನೆ: ಗಾಡಿಪಟ್ಟಿಯ ಬ್ರಾಕೆಟ್ಟು 9, ಕೊಕ್ಕೆ 4, ಸೀಮೆಎಣ್ಣೆ ಡಬ್ಬದ ಖಾನೆ 6. ಬೆಲೆ: ಕೊಟ್ಟಿಲ್ಲ.