ನಗರ ವಸತಿರಹಿತರ ಆಶ್ರಯ ಕೇಂದ್ರಗಳು: ಗಂಗಾವತಿ ಮತ್ತು ಕೊಪ್ಪಳ ಜಿಲ್ಲೆಯ ಪಟ್ಟಣಗಳಿಗೆ ಅನುದಾನ ದೊರೆಯುವ ಕ್ರಮ

ನಗರ ಪ್ರದೇಶಗಳಲ್ಲಿ ಮಲಗಲು ಸೂರಿಲ್ಲದೆ ಬಸ್ ನಿಲ್ದಾಣ, ಮಾರುಕಟ್ಟೆ ಪ್ರಾಂಗಣ, ದೇವಸ್ಥಾನದ ಮಂಟಪ, ಅಂಗಡಿಗಳ ಜಗಲಿ ಮುಂತಾದೆಡೆ ರಾತ್ರಿ ಕಳೆಯುವವರಿಗಾಗಿ ಸ್ಥಾಪಿಸುವ ಆಶ್ರಯ ಕೇಂದ್ರಗಳ ಬಗ್ಗೆ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಆಶ್ರಯ ಕೇಂದ್ರಕ್ಕೆ ಅನುದಾನವು ಯಾವುದೇ ವ್ಯಕ್ತಿಯ ಅರ್ಜಿಯ ಮೇಲೆ ಮಂಜೂರಾಗುವುದಿಲ್ಲ. ನಗರ ಸ್ಥಳೀಯ ಸಂಸ್ಥೆಯು ಸಮೀಕ್ಷೆ ನಡೆಸಿ, ಪ್ರಸ್ತಾವನೆ ಸಲ್ಲಿಸಿ ಪಡೆಯಬೇಕಾದ ಹಣವಿದು. ಆದ್ದರಿಂದ ಸಮೀಕ್ಷೆಯಲ್ಲಿ ಎಣಿಕೆಯಾಗದೆ ಉಳಿದ ವ್ಯಕ್ತಿಗೆ ಪ್ರಸ್ತಾವನೆಯಲ್ಲಿಯೂ ಸ್ಥಳವಿರುವುದಿಲ್ಲ.

ಯಾರು ವಸತಿರಹಿತರು

ಈ ಪದದ ಬಳಕೆಯಲ್ಲಿ ಗೊಂದಲವಿರುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಬಾಡಿಗೆ ಮನೆಯಲ್ಲಿದ್ದು ಸ್ವಂತ ಮನೆ ಅಥವಾ ನಿವೇಶನ ಇಲ್ಲದವರು ವಸತಿ ಯೋಜನೆಗಳಡಿ ಅರ್ಜಿ ಸಲ್ಲಿಸಬೇಕು. ಅಂತಹ ಫಲಾನುಭವಿಗಳ ಆಯ್ಕೆಯು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯ ಮೂಲಕ ನಡೆಯುತ್ತದೆ. ಹೆಸರಿನಲ್ಲಿ ಹೋಲಿಕೆಯಿದ್ದರೂ ಆಶ್ರಯ ಸಮಿತಿಗೂ ಇಲ್ಲಿ ಹೇಳುತ್ತಿರುವ ಆಶ್ರಯ ಕೇಂದ್ರಕ್ಕೂ ಸಂಬಂಧವಿಲ್ಲ. 2011ರ ಜನಗಣತಿಯಲ್ಲಿ ಮನೆಯೆಂದು ಗುರುತಿಸಬಹುದಾದ ಕಟ್ಟಡದಲ್ಲಿ ವಾಸಿಸದೆ ರಸ್ತೆಬದಿ, ಪಾದಚಾರಿ ಮಾರ್ಗ, ಸಿಮೆಂಟ್ ಕೊಳವೆ, ಮೇಲ್ಸೇತುವೆಯ ಕೆಳಗೆ, ಪೂಜಾಸ್ಥಳದ ಮಂಟಪ, ರೈಲು ನಿಲ್ದಾಣ ಇತ್ಯಾದಿ ಬಯಲು ಸ್ಥಳಗಳಲ್ಲಿ ಇರುವವರನ್ನು ವಸತಿರಹಿತರೆಂದು ಪರಿಗಣಿಸಲಾಯಿತು. ಅವರ ಎಣಿಕೆಯು 2011ರ ಫೆಬ್ರವರಿ 28ರ ಒಂದೇ ರಾತ್ರಿಯಲ್ಲಿ ನಡೆಯಿತು. ಅದರಂತೆ ದೇಶದಲ್ಲಿ ಇಂತಹವರ ಸಂಖ್ಯೆ ಸುಮಾರು 17.7 ಲಕ್ಷ, ಇವರಲ್ಲಿ ಸುಮಾರು 9.4 ಲಕ್ಷ ಜನರು ನಗರವಾಸಿಗಳು.

ಒಂದೇ ರಾತ್ರಿಯ ಎಣಿಕೆಯು ಗಂಗಾವತಿಯಂತಹ ಊರಿಗೆ ಸಾಲದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಿಂದ ಭತ್ತದ ಕಣಜವೆನಿಸಿದ ಈ ಭಾಗಕ್ಕೆ ನಾಟಿ ಮತ್ತು ಕಟಾವಿನ ಕಾಲದಲ್ಲಿ ಒಣಬೇಸಾಯದ ಊರುಗಳಿಂದ ಕೂಲಿಕಾರರು ಬರುತ್ತಾರೆ. ಅಕ್ಕಿ ಗಿರಣಿ ಹಾಗೂ ಮಾರುಕಟ್ಟೆಯ ಹಮಾಲಿ ಕೆಲಸವೂ ಹಂಗಾಮಿನೊಡನೆ ಏರಿಳಿಯುತ್ತದೆ. ಅಂಜನಾದ್ರಿ, ಆನೆಗೊಂದಿಗೆ ಬರುವ ಯಾತ್ರಿಕರು ವಸತಿರಹಿತರಲ್ಲ. ಆದರೆ ಯಾತ್ರಾಸ್ಥಳಗಳನ್ನೇ ನಂಬಿಕೊಂಡು ಉಳಿದ ವೃದ್ಧರು, ಮನೆಯವರಿಂದ ದೂರವಾದವರು ಆ ಜನಸಂದಣಿಯಲ್ಲಿ ಗಮನಕ್ಕೆ ಬಾರದೆ ಹೋಗುವ ಸಂಭವ ಹೆಚ್ಚು. ಆದುದರಿಂದ ಸಮೀಕ್ಷೆಯನ್ನು ಹಂಗಾಮಿನಲ್ಲಿ ಒಮ್ಮೆ, ಹಂಗಾಮು ಮುಗಿದ ಮೇಲೆ ಇನ್ನೊಮ್ಮೆ, ರಾತ್ರಿ ವೇಳೆಯಲ್ಲಿ ನಡೆಸುವುದು ಸೂಕ್ತ.

ಹಿನ್ನೆಲೆ

ಆಹಾರದ ಹಕ್ಕಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ದೊಡ್ಡ ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ಒಂದು ಆಶ್ರಯ ಕೇಂದ್ರ ಇರಬೇಕೆಂದು ನಿರ್ದೇಶಿಸಿತು. ತದನಂತರ 2013ರ ಸೆಪ್ಟೆಂಬರ್‌ನಲ್ಲಿ ಸ್ವರ್ಣ ಜಯಂತಿ ಶಹರಿ ರೋಜ್‌ಗಾರ್ ಯೋಜನೆಯ ಬದಲಿಗೆ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಜಾರಿಗೆ ಬಂದಾಗ, ವಸತಿರಹಿತರ ಆಶ್ರಯವು ಅದರ ಒಂದು ಘಟಕವಾಯಿತು. 2016ರಲ್ಲಿ ಈ ಅಭಿಯಾನಕ್ಕೆ ದೀನದಯಾಳ್ ಅಂತ್ಯೋದಯ ಯೋಜನೆ ಎಂಬ ಹೆಸರು ಸೇರಿತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವು ಕೇಂದ್ರಗಳ ವಾಸ್ತವ ಸ್ಥಿತಿಯನ್ನು ಪರಿಶೀಲಿಸಲು ನಿವೃತ್ತ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ರಚಿಸಿತು.

ಆರಂಭದಲ್ಲಿ ಅಭಿಯಾನವು ಒಂದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಹಾಗೂ ಜಿಲ್ಲಾ ಕೇಂದ್ರಗಳಿಗೆ ಅನ್ವಯವಾಗುತ್ತಿತ್ತು. ಕೊಪ್ಪಳ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಲಕ್ಷ ದಾಟಿದ ಏಕೈಕ ನಗರ ಗಂಗಾವತಿ. ಕೊಪ್ಪಳವು ಜಿಲ್ಲಾ ಕೇಂದ್ರವೆಂಬ ಕಾರಣಕ್ಕೆ ಅರ್ಹವಾಗಿತ್ತು. ಕುಷ್ಟಗಿ, ಯಲಬುರ್ಗಾಗಳು ಈ ಎರಡೂ ಮಾನದಂಡಗಳ ಹೊರಗಿದ್ದು, 2016ರಲ್ಲಿ ಅಭಿಯಾನವನ್ನು ಎಲ್ಲ ಶಾಸನಬದ್ಧ ಪಟ್ಟಣಗಳಿಗೆ ವಿಸ್ತರಿಸಿದ ನಂತರವೇ ವ್ಯಾಪ್ತಿಗೆ ಬಂದವು.

ಅನುದಾನದ ಸ್ವರೂಪ

ಅಭಿಯಾನದ ಮಾರ್ಗಸೂಚಿಯ ಪ್ರಕಾರ ಪ್ರತಿ ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಆಶ್ರಯ ಕಲ್ಪಿಸಬೇಕಿತ್ತು. ಅಂದರೆ ಗಂಗಾವತಿಗೆ ತಲಾ 50 ಜನರ ಎರಡು ಕೇಂದ್ರಗಳಾದರೂ ಬೇಕು. ಪ್ರತಿ ವ್ಯಕ್ತಿಗೆ ಕನಿಷ್ಠ 50 ಚದರ ಅಡಿ ಸ್ಥಳ, ಕುಡಿಯುವ ನೀರು, ಶೌಚಾಲಯ ಮತ್ತು ಸ್ನಾನಗೃಹ, ಬೆಳಕು, ಅಡುಗೆಗೆ ಸ್ಥಳ, ಸಾಮಾನು ಇಡಲು ಬೀಗದ ಪೆಟ್ಟಿಗೆ, ಪ್ರಥಮ ಚಿಕಿತ್ಸೆಯ ವ್ಯವಸ್ಥೆ ಇರಬೇಕು. ಮಹಿಳೆಯರು, ಕುಟುಂಬಗಳು, ವೃದ್ಧರು, ಮನೋರೋಗಿಗಳು ಮತ್ತು ಆಸ್ಪತ್ರೆಯಿಂದ ಬಿಡುಗಡೆಯಾಗಿ ಚೇತರಿಸಿಕೊಳ್ಳುತ್ತಿರುವವರಿಗೆ ಪ್ರತ್ಯೇಕ ವ್ಯವಸ್ಥೆಗೆ ಅವಕಾಶವಿತ್ತು.

ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಮೊದಲು 75:25ರ, ನಂತರ 60:40ರ ಅನುಪಾತದಲ್ಲಿ ಹಂಚಿಕೊಂಡವು. ಜಮೀನನ್ನು ಮಾತ್ರ ರಾಜ್ಯ ಅಥವಾ ಸ್ಥಳೀಯ ಸಂಸ್ಥೆಯೇ ಒದಗಿಸಬೇಕು. ಪ್ರಸ್ತಾವನೆಗಳು ಮುಖ್ಯವಾಗಿ ಇಲ್ಲಿಯೇ ಸೊರಗುತ್ತವೆ: ಊರ ಹೊರಗೆ ಜಾಗ ಸುಲಭವಾಗಿ ಸಿಗುತ್ತದೆ, ಆದರೆ ನಸುಕಿನಲ್ಲಿ ಮಾರುಕಟ್ಟೆಯಲ್ಲಿ ಲಾರಿ ಇಳಿಸಬೇಕಾದ ಹಮಾಲಿಯು ಮೂರು ಮೈಲಿ ದೂರದ ಕಟ್ಟಡಕ್ಕೆ ಹೋಗಿ ಮಲಗುವುದಿಲ್ಲ. ಕೇಂದ್ರವು ಬಸ್ ಮತ್ತು ರೈಲು ನಿಲ್ದಾಣ, ಮಾರುಕಟ್ಟೆ, ಆಸ್ಪತ್ರೆಗಳ ಸಮೀಪದಲ್ಲಿರಬೇಕೆಂದು ಮಾರ್ಗಸೂಚಿಯೇ ಹೇಳುತ್ತದೆ. ಹೊಸ ಕಟ್ಟಡವೇ ಆಗಬೇಕೆಂದಿಲ್ಲ. ಬಳಕೆಯಲ್ಲಿಲ್ಲದ ಸಾರ್ವಜನಿಕ ಕಟ್ಟಡವನ್ನು ದುರಸ್ತಿಗೊಳಿಸಿಯೂ ಬಳಸಬಹುದು.

ನಿರ್ವಹಣೆಗೆ 50 ಜನರ ಕೇಂದ್ರವೊಂದಕ್ಕೆ ವಾರ್ಷಿಕ 6 ಲಕ್ಷ ರೂ.ಗಳಂತೆ 5 ವರ್ಷಗಳವರೆಗೆ ನೆರವು ನಿಗದಿಯಾಗಿತ್ತು. ಲೆಕ್ಕ ಹಾಕಿದರೆ ಒಬ್ಬರಿಗೆ ದಿನಕ್ಕೆ 33 ರೂ.ಗಳಿಗೂ ಕಡಿಮೆ, ವ್ಯವಸ್ಥಾಪಕರ ಹಾಗೂ ಪಾಳಿಯ ಮೇಲ್ವಿಚಾರಕರ ವೇತನ, ವಿದ್ಯುತ್, ಹಾಸಿಗೆ ಹೊದಿಕೆ ಎಲ್ಲವೂ ಇದರಲ್ಲಿಯೇ ಆಗಬೇಕು.

ಪ್ರಸ್ತುತ ಗಮನಿಸಬೇಕಾದ ಅಂಶ

ಸದರಿ ಅಭಿಯಾನವು 2024ರ ಸೆಪ್ಟೆಂಬರ್ 30ಕ್ಕೆ ಮುಕ್ತಾಯಗೊಂಡಿದೆ. ನಗರ ಬಡತನ ನಿವಾರಣೆಗಾಗಿ ಹೊಸ ಅಭಿಯಾನವನ್ನು ಅಂತಿಮಗೊಳಿಸಲಾಗುತ್ತಿದ್ದು, ವಸತಿರಹಿತರ ಆಶ್ರಯವೂ ಅದರಲ್ಲಿ ಒಳಗೊಳ್ಳಲಿದೆ ಎಂದು ಕೇಂದ್ರ ಸರ್ಕಾರದ ಪರವಾಗಿ 2025ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಲಾಯಿತು. ಹಳೆಯ ಮಾರ್ಗಸೂಚಿಯನ್ನು ಉಲ್ಲೇಖಿಸಿ ಸಲ್ಲಿಸುವ ಮನವಿಗಳು ಈ ಬದಲಾವಣೆಯನ್ನು ಗಮನದಲ್ಲಿಟ್ಟುಕೊಂಡಿರಬೇಕು. ಯೋಜನೆಯ ಹೆಸರು ಬದಲಾದರೂ ಪ್ರಸ್ತಾವನೆಗೆ ಬೇಕಾಗುವ ಸಮೀಕ್ಷಾ ವರದಿ ಮತ್ತು ಜಾಗದ ದಾಖಲೆ ಬದಲಾಗುವುದಿಲ್ಲ. ಅವೆರಡನ್ನೂ ಸಿದ್ಧವಿಟ್ಟುಕೊಂಡ ನಗರಕ್ಕೆ ಮುಂದೆ ಅನುಕೂಲವಾಗುತ್ತದೆ. ಅಲ್ಲಿಯವರೆಗೆ ನಿರ್ವಹಣೆಯ ಹೊರೆಯನ್ನು ಸ್ಥಳೀಯ ಸಂಸ್ಥೆಯ ಆಯವ್ಯಯದಲ್ಲಿಯೇ ಕಾಣಬೇಕಾಗುತ್ತದೆ. ಆಯವ್ಯಯಕ್ಕೆ ಮುನ್ನ ನಡೆಯುವ ಸಾರ್ವಜನಿಕ ಸಮಾಲೋಚನಾ ಸಭೆಯಲ್ಲಿ ನಾಗರಿಕರು ಈ ಬೇಡಿಕೆಯನ್ನು ಲಿಖಿತವಾಗಿ ಸಲ್ಲಿಸಬಹುದು.

ನಿರಾಶ್ರಿತರ ಪರಿಹಾರ ಕೇಂದ್ರವು ಬೇರೆ

ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ, 1975ರ ಅಡಿಯಲ್ಲಿ ಭಿಕ್ಷಾಟನೆಯಲ್ಲಿ ತೊಡಗಿದವರನ್ನು ಇರಿಸುವ ಸಂಸ್ಥೆಗಳು ನಿರಾಶ್ರಿತರ ಪರಿಹಾರ ಕೇಂದ್ರಗಳು. ಆಸ್ತಿ ತೆರಿಗೆಯೊಂದಿಗೆ ಶೇ. 3ರಷ್ಟು ವಸೂಲಾಗುವ ಭಿಕ್ಷುಕರ ಕರವು ಇವುಗಳಿಗಾಗಿ. ಆಶ್ರಯ ಕೇಂದ್ರಕ್ಕೆ ಬರುವವರು ಸ್ವ-ಇಚ್ಛೆಯಿಂದ ಬಂದು, ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವವರು. ಹಿಡಿದೊಯ್ಯುತ್ತಾರೆಂಬ ಅಂಜಿಕೆಯಿಂದ ಹಲವರು ಸಮೀಕ್ಷೆಯವರನ್ನು ಕಂಡು ಜಾಗ ಬಿಟ್ಟು ಹೋಗುವುದುಂಟು. ಈ ವ್ಯತ್ಯಾಸವನ್ನು ಅವರಿಗೆ ತಿಳಿಹೇಳುವುದು ಅವಶ್ಯ.

ವಿಳಾಸವಿಲ್ಲದವರ ದಾಖಲೆಗಳು

ಮನೆಯಿಲ್ಲವೆಂಬ ಕಾರಣಕ್ಕೆ ಮತದಾರರ ಪಟ್ಟಿಯಿಂದ ಯಾರನ್ನೂ ಹೊರಗಿಡುವಂತಿಲ್ಲ. ನಮೂನೆ 6ರಲ್ಲಿ ತಾವು ಮಲಗುವ ಸ್ಥಳವನ್ನು ನಮೂದಿಸಿದಲ್ಲಿ, ಮತಗಟ್ಟೆ ಮಟ್ಟದ ಅಧಿಕಾರಿಯು ಒಂದಕ್ಕಿಂತ ಹೆಚ್ಚು ರಾತ್ರಿ ಅಲ್ಲಿಗೆ ಭೇಟಿ ನೀಡಿ ಪರಿಶೀಲಿಸಬೇಕು. ಅವರು ಅಲ್ಲಿಯೇ ಮಲಗುವುದು ದೃಢಪಟ್ಟಲ್ಲಿ ವಾಸಸ್ಥಳಕ್ಕೆ ಬೇರೆ ದಾಖಲೆ ಬೇಕಿಲ್ಲವೆಂದು ಚುನಾವಣಾ ಆಯೋಗದ ಸೂಚನೆಯಿದೆ. ಆಧಾರ್ ನೋಂದಣಿಗೆ ಮಾನ್ಯತೆ ಪಡೆದ ಆಶ್ರಯ ಗೃಹದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ನೀಡುವ ದೃಢೀಕರಣವನ್ನು ಸಲ್ಲಿಸಬಹುದು. ಪಡಿತರ ಚೀಟಿ, ಬ್ಯಾಂಕ್ ಖಾತೆ, ವೃದ್ಧಾಪ್ಯ ವೇತನಗಳಿಗೆ ಈ ದಾಖಲೆಗಳು ದಾರಿ ಮಾಡಿಕೊಡುತ್ತವೆ. ಆಶ್ರಯ ಕೇಂದ್ರವಿಲ್ಲದ ಊರಿನಲ್ಲಿ ಇಂತಹ ದೃಢೀಕರಣ ನೀಡುವವರು ದೊರೆಯುವುದೇ ಕಷ್ಟ.

ಎಲ್ಲಿ ಸಂಪರ್ಕಿಸಬೇಕು

ಗಂಗಾವತಿ ಮತ್ತು ಕೊಪ್ಪಳದಲ್ಲಿ ನಗರಸಭೆಯ ಪೌರಾಯುಕ್ತರಿಗೆ, ಕುಷ್ಟಗಿ ಪುರಸಭೆ ಹಾಗೂ ಯಲಬುರ್ಗಾ ಪಟ್ಟಣ ಪಂಚಾಯಿತಿಯಲ್ಲಿ ಮುಖ್ಯಾಧಿಕಾರಿಗಳಿಗೆ ಮನವಿ ಸಲ್ಲಿಸತಕ್ಕದ್ದು. ಜನರು ಮಲಗುವ ಸ್ಥಳ, ಅಂದಾಜು ಸಂಖ್ಯೆ, ಮಹಿಳೆಯರು ಮತ್ತು ಮಕ್ಕಳಿದ್ದಾರೆಯೇ ಎಂಬ ವಿವರ ಮನವಿಯಲ್ಲಿರಲಿ. ಹೆಸರುಗಳನ್ನು ಬರೆಯುವ ಅಗತ್ಯವಿಲ್ಲ. ಸ್ವೀಕೃತಿಯನ್ನು ತಪ್ಪದೆ ಪಡೆದುಕೊಳ್ಳಬೇಕು. ಸಮೀಕ್ಷೆ ನಡೆದಿದೆಯೇ, ಪ್ರಸ್ತಾವನೆ ಯಾವ ಹಂತದಲ್ಲಿದೆ ಎಂಬುದನ್ನು ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ 10 ರೂ. ಶುಲ್ಕದೊಂದಿಗೆ ಕೇಳಬಹುದು, ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ತುರ್ತು ಸಂದರ್ಭದಲ್ಲಿ ವೃದ್ಧರಿಗಾಗಿ 14567, ಮಹಿಳೆಯರಿಗಾಗಿ 181, ಮಕ್ಕಳಿಗಾಗಿ 1098, ಅಸ್ವಸ್ಥರಿಗಾಗಿ 108 ಸಂಖ್ಯೆಗೆ ಕರೆ ಮಾಡುವುದು.